ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಂತಾಗ) ಆರ್‌ಸಿ (ರಿಮೋಟ್) ಹೆಲಿಕಾಪ್ಟರ್‌ನ ಮೂತಿ ಒಂದೇ ಕಡೆ ತಿರುಗುತ್ತದೆ, ಬಾಲ ಅಲ್ಲಾಡುತ್ತದೆ. ಹೇಗೆ ಸೆಟ್ ಮಾಡಬೇಕು?

ಮೊದಲು ಮೋಟಾರ್ ವೈರ್ ಕಳಚಿ. ಜೈರೋದಲ್ಲಿ (ಬಾಲದ ತಿರುಗಾಟ ಗ್ರಹಿಸಿ ತಡೆಯುವ ಸಾಧನ) ಬಾಲದ ಸರ್ವೋಗೆ (ರಾಡ್ ಎಳೆದು ತಳ್ಳುವ ಪುಟ್ಟ ಮೋಟಾರ್) ಕಳಿಸುವ ಪಲ್ಸ್‌ನ ಸೆಟ್ಟಿಂಗ್ ನೋಡಿ: 760 ಮೈಕ್ರೋಸೆಕೆಂಡಿನದೋ 1520ರದೋ ಎಂಬುದು ತಪ್ಪಿದರೆ ಸರ್ವೋ ಸುಟ್ಟೇಹೋಗಬಹುದು.

ಜೈರೋವನ್ನು ರೇಟ್ ಮೋಡ್‌ಗೆ (ತಿರುಗಾಟದ ವೇಗವನ್ನಷ್ಟೇ ತಡೆಯುವ ಮೋಡ್) ಹಾಕಿ, ರಿಮೋಟ್‌ನ ಟ್ರಿಮ್ (ಸ್ಟಿಕ್‌ನ ಮಧ್ಯಬಿಂದುವನ್ನು ಸ್ವಲ್ಪ ಸರಿಸುವ ಗುಂಡಿ) ಸೊನ್ನೆಗೆ ತನ್ನಿ. ಸರ್ವೋ ಆರ್ಮ್ ಪುಶ್‌ರಾಡ್‌ಗೆ (ಬಾಲಕ್ಕೆ ಹೋಗುವ ಕಡ್ಡಿ) 90 ಡಿಗ್ರಿಯಲ್ಲಿರಲಿ. ಆಗ ಬಾಲದ ಬ್ಲೇಡ್‌ಗಳಲ್ಲಿ, ಮುಖ್ಯ ರೋಟರ್‌ನ ಟಾರ್ಕ್ (ಹೆಲಿಕಾಪ್ಟರನ್ನು ತಿರುಗಿಸುವ ಬಲ) ತಡೆಯುವ ದಿಕ್ಕಿಗೆ ಕೆಲವೇ ಡಿಗ್ರಿ ಪಿಚ್ (ಬ್ಲೇಡ್‌ನ ಓರೆ) ಇರಬೇಕು. ಹೋವರ್‌ನಲ್ಲಿ ಮೂತಿ ಜಾರಿದರೆ ಟ್ರಿಮ್ ಮುಟ್ಟಬೇಡಿ, ರಾಡ್‌ನ ಉದ್ದ ಬದಲಿಸಿ. ಎರಡೂ ತುದಿಯಲ್ಲಿ ಸ್ಲೈಡರ್ (ಬಾಲದ ಶಾಫ್ಟ್ ಮೇಲೆ ಜಾರಿ ಬ್ಲೇಡ್‌ಗಳ ಪಿಚ್ ಬದಲಿಸುವ ಭಾಗ) ಬಿಗಿಯಾಗದಂತೆ ಲಿಮಿಟ್ ಹಾಕಿ.

ಜೈರೋ ದಿಕ್ಕಿನ ಪರೀಕ್ಷೆ ಬಿಡಲೇಬೇಡಿ. ರಿಮೋಟ್‌ನಲ್ಲಿ ಬಾಲದ ಸ್ಟಿಕ್ ಬಲಕ್ಕೆ ತಳ್ಳಿ, ಸ್ಲೈಡರ್ ಯಾವ ಕಡೆ ಹೋಯಿತು ನೋಡಿಕೊಳ್ಳಿ. ಮೂತಿಯನ್ನು ಕೈಯಿಂದ ಎಡಕ್ಕೆ ತಿರುಗಿಸಿದಾಗಲೂ ಅದೇ ಕಡೆ ಹೋಗಬೇಕು. ಉಲ್ಟಾ ಇದ್ದರೆ ಏಳುತ್ತಲೇ ಬುಗುರಿಯಂತೆ ಸುತ್ತುತ್ತದೆ.

ಇಷ್ಟಾದ ಮೇಲೆ ಹೆಡಿಂಗ್ ಹೋಲ್ಡ್ (ಮೂತಿಯ ದಿಕ್ಕನ್ನೇ ಹಿಡಿದಿಡುವ ಮೋಡ್) ಹಾಕಿ. ಬಾಲ ಪಟಪಟ ಅಲ್ಲಾಡಿದರೆ ಗೇನ್ (ಜೈರೋ ಎಷ್ಟು ಜೋರಾಗಿ ತಿದ್ದಬೇಕು ಎಂಬ ಮಟ್ಟ) ಇಳಿಸಿ. ತಿರುಗಿಸಿ ನಿಲ್ಲಿಸುವಾಗ ಬಾಲ ಸಡಿಲವಾಗಿ ಮುಂದೆ ಸಾಗಿದರೆ ಏರಿಸಿ. ಗೇನ್ ತೀರಾ ಇಳಿಸಿದರೂ ಅಲ್ಲಾಟ ನಿಲ್ಲದಿದ್ದರೆ ಜೈರೋವನ್ನು ಬೈಯಬೇಡಿ: ರಾಡ್ ಕಳಚಿ ಸ್ಲೈಡರನ್ನು ಬೆರಳಿನಿಂದ ತಳ್ಳಿ, ಬಹುಪಾಲು ಅಲ್ಲೇ ಎಲ್ಲೋ ಹಿಡಿದಿರುತ್ತದೆ. ಇಲ್ಲವೆಂದರೆ ಸರ್ವೋ ಆರ್ಮ್‌ನ ಬಾಲ್ (ರಾಡ್ ಸಿಕ್ಕಿಸುವ ಗುಂಡು) ಅನ್ನು ಒಂದು ರಂಧ್ರ ಒಳಕ್ಕೆ ತನ್ನಿ.