ಸ್ನಾಯು ದೌರ್ಬಲ್ಯಕ್ಕೆ ಯಾವ ಟಾನಿಕ್ ಒಳ್ಳೆಯದು?

ಸಂಜೆಯಾದರೆ ತಲೆ ಬಾಚಲು ಕೈ ಏಳುವುದಿಲ್ಲ, ಯಾವ ಟಾನಿಕ್ ಕುಡಿಯಲಿ ಎಂದು ಕೇಳಿದ್ದೀರಿ. ಯಾವುದೂ ಬೇಡ. ಟಾನಿಕ್ ಕುಡಿದೇ ಕಾಲ ಕಳೆದವಳು ನಾನು. ಬೆಳಿಗ್ಗೆ ರೊಟ್ಟಿ ತಟ್ಟುವಷ್ಟು ಗಟ್ಟಿಯಾಗಿರುತ್ತಿದ್ದೆ. ರಾತ್ರಿ ಅದೇ ರೊಟ್ಟಿಯನ್ನು ಅಗಿಯುವಷ್ಟರಲ್ಲಿ ದವಡೆ ಸೋತು ಗದ್ದಕ್ಕೆ ಕೈ ಆಸರೆ ಕೊಡಬೇಕಾಗುತ್ತಿತ್ತು. ಎಡಗಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು. ರಕ್ತ ಕಡಿಮೆ ಎಂದರು. ಬಿ12 ಇಂಜೆಕ್ಷನ್ ಆಯಿತು, ಬೀಟ್‌ರೂಟ್ ರಸವೂ ಆಯಿತು.

ಕೊನೆಗೆ ನರರೋಗ ತಜ್ಞರು ಕಣ್ಣೆತ್ತಿ ಚಾವಣಿಯನ್ನೇ ನೋಡುತ್ತಿರಲು ಹೇಳಿದರು. ನೋಡುತ್ತಿದ್ದಂತೆ ರೆಪ್ಪೆ ಇಳಿಯಿತು. ಕೈಗವಸಿಗೆ ಐಸ್ ತುಂಬಿ ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟು ತೆಗೆದರೆ ರೆಪ್ಪೆ ಮೇಲೆದ್ದಿತ್ತು! ರಕ್ತಪರೀಕ್ಷೆಯಲ್ಲಿ ಅಸಿಟೈಲ್‌ಕೋಲಿನ್ ಗ್ರಾಹಕಗಳ (ಸ್ನಾಯುವಿನಲ್ಲಿ ನರದ ಅಪ್ಪಣೆಯನ್ನು ಹಿಡಿದುಕೊಳ್ಳುವ ಭಾಗಗಳು) ವಿರುದ್ಧದ ಪ್ರತಿಕಾಯಗಳು ಸಿಕ್ಕಿ ರೋಗದ ಹೆಸರು ತಿಳಿಯಿತು: ಮಯಸ್ತೇನಿಯಾ ಗ್ರೇವಿಸ್. ಸ್ನಾಯುವಿಗೆ ಬಲವಿರುತ್ತದೆ, ನರ ಕೊಟ್ಟ ಅಪ್ಪಣೆ ಪೂರ್ತಿ ತಲುಪುವುದಿಲ್ಲ. ಪ್ರೋಟೀನ್ ಪುಡಿ ಅಲ್ಲಿ ಏನು ಮಾಡೀತು? ಆ ಅಪ್ಪಣೆ ತಲುಪಲು ನೆರವಾಗುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಶುರುವಾಯಿತು. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ ರೊಟ್ಟಿ ಮುಗಿಸಬಹುದು. ಮೂರ್ನಾಲ್ಕು ಗಂಟೆಗೆ ಅದರ ಪ್ರಭಾವ ಇಳಿಯುತ್ತದೆ.

ನನಗೆ ದುಬಾರಿಯಾದದ್ದು ಆಮೇಲಿನ ಕೆಲಸ. ಉರಿಮೂತ್ರ ಬಂದಾಗ, ಹಿಂದೊಮ್ಮೆ ಇದಕ್ಕೇ ಬರೆದಿದ್ದ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಮೆಡಿಕಲ್ ಅಂಗಡಿಯಿಂದ ತಂದು ನುಂಗಿದೆ. ಅಂಗಡಿಯವರು ಚೀಟಿ ಕೇಳಲಿಲ್ಲ, ನಾನು ಕಾಯಿಲೆ ಹೇಳಲಿಲ್ಲ. ಅದು ಮೂತ್ರದ್ದು, ಇದು ಸ್ನಾಯುವಿನದು, ಒಂದಕ್ಕೊಂದು ಏನು ಸಂಬಂಧ ಎಂಬ ಲೆಕ್ಕ ನನ್ನದು. ಸಂಬಂಧವಿದೆ. ಸಿಪ್ರೋಫ್ಲಾಕ್ಸಾಸಿನ್ ಸೇರಿದ ಫ್ಲೋರೋಕ್ವಿನೋಲೋನ್ ಗುಂಪಿನ ಔಷಧಗಳು ನರ ಮತ್ತು ಸ್ನಾಯು ಕೂಡುವ ಜಾಗಕ್ಕೇ ಅಡ್ಡ ಬರುತ್ತವೆ, ಅದೂ ಮೊದಲೇ ಸೊರಗಿದ ಜಾಗ. ಮರುದಿನ ಕುಡಿದ ನೀರು ಮೂಗಿನಿಂದ ಬಂತು. ಮಲಗಿದರೆ ಉಸಿರು ಸಾಲುತ್ತಿರಲಿಲ್ಲ. ಐಸಿಯು, ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ. ಯಜಮಾನರ ಭವಿಷ್ಯನಿಧಿ ಅಲ್ಲೇ ಕರಗಿತು. ಜೆಂಟಾಮೈಸಿನ್, ಮೆಗ್ನೀಸಿಯಂ ಇಂಜೆಕ್ಷನ್ನುಗಳೂ ನಮ್ಮಂಥವರಿಗೆ ಅಪಾಯ. ಈಗ ಇಂಥ ಔಷಧಗಳ ಪಟ್ಟಿ ಪರ್ಸಿನಲ್ಲೇ ಇರುತ್ತದೆ, ಹಲ್ಲಿನ ವೈದ್ಯರಿಗೂ ತೋರಿಸುತ್ತೇನೆ.

ನಿಮ್ಮದೂ ಇದೇ ಎನ್ನಲಾರೆ. ಥೈರಾಯ್ಡ್, ಪೊಟ್ಯಾಸಿಯಂ, ವಿಟಮಿನ್ ಡಿ ಏರುಪೇರಾದರೂ ಸ್ನಾಯು ಸೋಲುತ್ತದೆ. ಕೊಲೆಸ್ಟರಾಲ್ ಮಾತ್ರೆಯಿಂದಲೂ ಆಗುವುದುಂಟು. ಒಂದೊಂದಕ್ಕೂ ಚಿಕಿತ್ಸೆ ಬೇರೆ, ಹಾಗಾಗಿ ಪರೀಕ್ಷೆಗೆ ಮುಂಚೆ ಬಾಟಲಿ ಕೊಳ್ಳುವುದು ದುಡ್ಡು ದಂಡ. ವೈದ್ಯರನ್ನು ಸಂಜೆಯೇ ಕಾಣಿ. ಬೆಳಿಗ್ಗೆ ಹೋದರೆ ಕೈ ಚೆನ್ನಾಗಿಯೇ ಏಳುತ್ತದೆ, ಏನೂ ಇಲ್ಲವೆಂದು ಕಳಿಸಿಬಿಡುತ್ತಾರೆ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರ ಸಂಜೆಯವರೆಗೂ ಕಾಯಬೇಡಿ, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.