ಎಕ್ಸೆಲ್ ಶೀಟಿನಲ್ಲಿ ಸಮುದ್ರ ಹಿಡಿಸುತ್ತಾ?

ಚಳಿ ಶುರುವಾಯಿತು ಅಂದರೆ ನನ್ನ ಟಪಾಲಿನಲ್ಲಿ ಮಡಿಕೇರಿ, ಊಟಿ ಕಡಿಮೆಯಾಗಿ ಅಂಡಮಾನ್ ಜಾಸ್ತಿಯಾಗುತ್ತದೆ. ಈ ಸಲವೂ ಹಾಗೇ ಆಗಿದೆ. ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಗೆ ಮದುವೆಯಾಗಿ ಹತ್ತು ವರ್ಷ. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಜನವರಿ ಕೊನೆಯಲ್ಲಿ ಆರು ದಿನ ಇಬ್ಬರೇ ಅಂಡಮಾನ್‌ಗೆ ಹೊರಟಿದ್ದೇವೆ. ನನ್ನ ಗಂಡ ಎಕ್ಸೆಲ್ ಶೀಟ್ ಮಾಡಿದ್ದಾರೆ. ಅದರಲ್ಲಿ 27 ಐಟಂ ಇದೆ. ಮೊದಲ ದಿನಕ್ಕೇ ಐದು. ನನಗೆ ಈಜು ಬರುವುದಿಲ್ಲ. ನಿಜ ಹೇಳಬೇಕೆಂದರೆ ಸುಮ್ನೆ ಕೂತು ಸಮುದ್ರ ನೋಡಬೇಕು ಅಂತ ಆಸೆ. ಹೇಳಿದರೆ, 'ಇಷ್ಟು ದುಡ್ಡು ಸುರಿದು ಸುಮ್ನೆ ಕೂರೋಕೆ ಅಲ್ಲಿವರೆಗೂ ಹೋಗ್ಬೇಕಾ' ಅಂತಾರೆ. ಶೀಟ್ ಜೊತೆಗಿಟ್ಟಿದ್ದೇನೆ. ಏನು ಬಿಡೋದು, ಏನು ಇಟ್ಟುಕೊಳ್ಳೋದು ಹೇಳಿ.
ಹೆಸರು ಬೇಡ, ರಾಜಾಜಿನಗರ

ಉತ್ತರ: ಶೀಟ್ ನೋಡಿದೆ. ಬಣ್ಣ ಬಣ್ಣವಾಗಿ ಚೆನ್ನಾಗಿದೆ. ನಮ್ಮ ಯಜಮಾನರಿಗೂ ತೋರಿಸಿದೆ. ಅವರು ಬ್ಯಾಂಕಿನಲ್ಲಿದ್ದವರು, 'ಟ್ಯಾಲಿ ಆಗುತ್ತೆ' ಅಂದರು. ಟ್ಯಾಲಿ ಆಗುವುದಿಲ್ಲ. ಹದಿನಾಲ್ಕನೇ ಸಾಲು ನೋಡಿ: 'ಸಂಜೆ 6.15, ರಾಧಾನಗರ ಬೀಚ್, ಸೂರ್ಯಾಸ್ತ.' ಅಷ್ಟು ಹೊತ್ತಿಗೆ ಅಲ್ಲಿ ಸೂರ್ಯ ಮುಳುಗಿ ಸುಮಾರು ಒಂದು ಗಂಟೆಯಾಗಿರುತ್ತದೆ.

ವಿಷಯ ಇಷ್ಟೇ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ. ಬೆಂಗಳೂರು ಸುಮಾರು 77.6 ಡಿಗ್ರಿ ರೇಖಾಂಶದಲ್ಲಿ, ಅಲ್ಲಿನ ರಾಜಧಾನಿ ಪೋರ್ಟ್ ಬ್ಲೇರ್ 92.7ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂದರೆ ಒಂದು ಗಂಟೆ ಆಯಿತು. ಜನವರಿ ಕೊನೆಗೆ ಅಲ್ಲಿ ಐದೂಮುಕ್ಕಾಲಿಗೆಲ್ಲ ಬೆಳಗಾಗುತ್ತದೆ, ಸಂಜೆ ಐದೂ ಇಪ್ಪತ್ತರ ಹೊತ್ತಿಗೆ ಸೂರ್ಯ ನೀರಿಗಿಳಿದಿರುತ್ತಾನೆ. ನಿಮ್ಮವರು ಪ್ರತಿದಿನ ನಾಲ್ಕರಿಂದ ಏಳರವರೆಗೆ ಮೂರು ಮೂರು ಐಟಂ ಜೋಡಿಸಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಕತ್ತಲಲ್ಲೇ ಆಗಬೇಕು. ಇದನ್ನು ಮೊದಲು ತೋರಿಸಿ. ಜಗಳವಿಲ್ಲದೆ ಏಳೆಂಟು ಸಾಲು ತಾನಾಗಿಯೇ ಅಳಿಸಿ ಹೋಗುತ್ತವೆ.

ಉಳಿದದ್ದಕ್ಕೆ ನನ್ನ ಲೆಕ್ಕ: ದಿನಕ್ಕೆ ಒಂದೇ ಕೆಲಸ, ಅದೂ ಬೆಳಗ್ಗೆ. ಮಧ್ಯಾಹ್ನ ಖಾಲಿ. ಸಂಜೆ ಐದಕ್ಕೆ ಇಬ್ಬರೂ ಒಂದೇ ಮರಳಿನ ಮೇಲೆ.

ಮೊದಲ ದಿನ ಐದು ಜಾಗ ಅಂದಿದ್ದಾರಲ್ಲ, ಆ ದಿನ ನೀವು ರಾತ್ರಿ ಎರಡಕ್ಕೆ ಎದ್ದು ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಓಡಿರುತ್ತೀರಿ. ನೇರ ವಿಮಾನವಾದರೆ ಸುಮಾರು ಎರಡೂವರೆ ಗಂಟೆ. ಇಳಿದು, ಊಟ ಮಾಡಿ, ಮಲಗಿ. ಮಧ್ಯಾಹ್ನ ಮೂರರ ಮೇಲೆ ಸೆಲ್ಯುಲರ್ ಜೈಲ್ ಒಂದೇ ಸಾಕು. 1896ರಲ್ಲಿ ಕಟ್ಟಲು ಶುರು ಮಾಡಿ 1906ರಲ್ಲಿ ಮುಗಿಸಿದ ಕಟ್ಟಡ. ಏಳು ಸಾಲುಗಳಿದ್ದವು, ಈಗ ಮೂರು ಉಳಿದಿವೆ. ಒಂದು ಸಾಲಿನ ಕೋಣೆಗಳ ಮುಖ ಇನ್ನೊಂದು ಸಾಲಿನ ಬೆನ್ನಿಗೆ. ಕೈದಿಗೆ ಕೈದಿ ಕಾಣಬಾರದು ಅಂತಲೇ ಹಾಗೆ ಕಟ್ಟಿದ್ದು. ಆಕಳಿಸುತ್ತಾ ನೋಡುವ ಜಾಗವಲ್ಲ ಅದು. ಕತ್ತಲಾದ ಮೇಲೆ ಅಲ್ಲೇ ಧ್ವನಿ ಬೆಳಕಿನ ಪ್ರದರ್ಶನ ಇರುತ್ತದೆ, ಟಿಕೆಟ್ ಮುಂಚೆಯೇ ತೆಗೆದಿಡಿ.

ಒಂದು ಮಾತು, ಊರಿನ ಹೆಸರುಗಳು ಬದಲಾಗಿವೆ. ಹ್ಯಾವ್‌ಲಾಕ್ ದ್ವೀಪ 2018ರಿಂದ ಸ್ವರಾಜ್ ದ್ವೀಪ, ನೀಲ್ ದ್ವೀಪ ಈಗ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟಿನಲ್ಲಿ ಹೊಸ ಹೆಸರು ನೋಡಿ ಗಾಬರಿಯಾಗಬೇಡಿ. ನಾನು ಅಭ್ಯಾಸಬಲದಿಂದ ಹಳೆಯದನ್ನೇ ಬರೆಯುತ್ತಿದ್ದೇನೆ.

ಎರಡನೇ ದಿನ ಬೆಳಗ್ಗೆ ಹ್ಯಾವ್‌ಲಾಕ್‌ಗೆ ಹಡಗು ಹತ್ತಿ. ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆ, ಸರ್ಕಾರಿಯದರಲ್ಲಿ ಎರಡೂವರೆ. ಅಲ್ಲಿ ಮೂರು ರಾತ್ರಿ ಉಳಿಯಿರಿ. ಶೀಟಿನಲ್ಲಿರುವ ಹಾಗೆ ಒಂದು ರಾತ್ರಿ ಇಲ್ಲಿ, ಒಂದು ರಾತ್ರಿ ಅಲ್ಲಿ ಅಂತ ಓಡಾಡಿದರೆ ಬರೀ ಜೆಟ್ಟಿ, ಲಗೇಜ್, ಕ್ಯೂ. ನೀಲ್ ದ್ವೀಪ ಈ ಸಲ ಬಿಡಿ.

ಈಗ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದು. ಇದನ್ನು ಅವರಿಂದ ಕಿತ್ತುಕೊಳ್ಳಬೇಡಿ, ಪಾಪ. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ನಾವು ಹೋದಾಗ ಯಜಮಾನರು ಇಳಿದರು, ನಾನು ದಡದಲ್ಲಿ ಚಪ್ಪಲಿ ಕಾಯುತ್ತಾ ಕೂತಿದ್ದೆ. ಮೊದಲು ಸೊಂಟದ ಮಟ್ಟದ ನೀರಿನಲ್ಲಿ ಅರ್ಧ ಗಂಟೆ ಪಾಠ. ಮೂಗು ಮುಚ್ಚಿದ ಕನ್ನಡಕ ಹಾಕಿ ಬಾಯಲ್ಲಿ ಮಾತ್ರ ಉಸಿರಾಡಬೇಕು. ಕೆಳಗಿಳಿಯುತ್ತಾ ಕಿವಿ ಒತ್ತಿದಂತಾದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೀರಿನಲ್ಲಿ ಮಾತಿಲ್ಲ, ಕೈಸನ್ನೆಯೇ. ಎಲ್ಲ ಸರಿ ಅನ್ನುವುದಕ್ಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಹೆಬ್ಬೆರಳು ಒಂದನ್ನೇ ಎತ್ತಿದರೆ 'ನನ್ನನ್ನು ಮೇಲೆ ಕರೆದುಕೊಂಡು ಹೋಗಿ' ಅಂತ ಅರ್ಥ. ನಮ್ಮವರು ಪಾಠವನ್ನೆಲ್ಲ ತಲೆಯಾಡಿಸಿ ಕೇಳಿದರು. ನಾಲ್ಕು ನಿಮಿಷಕ್ಕೇ ಪುಸಕ್ಕನೆ ಮೇಲೆ ಬಂದರು. ಕೆಳಗೆ ಹಳದಿ ಮೀನಿನ ಹಿಂಡು ಕಂಡ ಖುಷಿಗೆ 'ಸೂಪರ್' ಅಂತ ಹೆಬ್ಬೆರಳು ಎತ್ತಿದ್ದರಂತೆ. ಜೊತೆಗಿದ್ದ ಬೋಧಕ ಹುಡುಗ ನಿಯಮದಂತೆ ಮೇಲಕ್ಕೆ ತಂದ. ಎರಡನೇ ಸಲ ಇಳಿದಾಗ ಕೈ ಎದೆಗೆ ಕಟ್ಟಿಕೊಂಡಿದ್ದರು.

ನೀವೂ ಇಳಿಯಬಹುದು ಕಣ್ರೀ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ, ಬೋಧಕ ಪಕ್ಕದಲ್ಲೇ ಹಿಡಿದುಕೊಂಡಿರುತ್ತಾನೆ, ಈಜು ಬರಲೇಬೇಕೆಂದಿಲ್ಲ. ಆದರೆ ಮನಸ್ಸಿಲ್ಲದೆ ಗಂಡನ ಮಾತಿಗೆ ಇಳಿಯಬೇಡಿ. ಇಬ್ಬರಿಗೂ ಅನ್ವಯಿಸುವ ಮಾತು: ಆರೋಗ್ಯದ ಫಾರಂ ಕೊಡುತ್ತಾರೆ, ಅಸ್ತಮಾ, ಹೃದಯ, ಕಿವಿಯ ತೊಂದರೆ ಇದ್ದರೆ ಮುಚ್ಚಿಡಬೇಡಿ. ನೆಗಡಿ ಇದ್ದ ದಿನ ಬೇಡವೇ ಬೇಡ. ಡೈವ್ ಆದ ಮೇಲೆ ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡುವು ಇರಲಿ. ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗಲು ಸಮಯ ಬೇಕು, ಅದಕ್ಕೆ. ನಿಮ್ಮ ಶೀಟಿನಲ್ಲಿ ಎರಡನೇ ಡೈವ್ ಕೊನೆಯ ದಿನ ಬೆಳಗ್ಗೆ ಇದೆ, ವಿಮಾನ ಅದೇ ಮಧ್ಯಾಹ್ನ. ಮೂರನೇ ದಿನಕ್ಕೆ ತನ್ನಿ.

ಅವರು ನೀರೊಳಗಿರುವ ಆ ಬೆಳಗ್ಗೆ ನಿಮ್ಮದು. ಹ್ಯಾವ್‌ಲಾಕ್‌ನಲ್ಲಿ ಐದನೇ ನಂಬರ್ ಬೀಚಿನ ಊರಿನ ಹೆಸರು ವಿಜಯನಗರ. ನಾನು ಬೆಂಗಳೂರಿನ ವಿಜಯನಗರದವಳು, ಅಷ್ಟು ದೂರ ಹೋಗಿ ಮತ್ತೆ ವಿಜಯನಗರದಲ್ಲೇ ಇಳಿದುಕೊಂಡೆ ಅಂತ ಮನೆಯವರೆಲ್ಲ ಇನ್ನೂ ನಗುತ್ತಾರೆ. ಅಲ್ಲಿ ಇಳಿತದ ಹೊತ್ತಿಗೆ ನೀರು ಹಾಸಿಗೆ ಮಡಚಿದ ಹಾಗೆ ದೂರ ಸರಿದುಬಿಡುತ್ತದೆ. ಈಜಲು ಬಂದವರು ಬೈದುಕೊಳ್ಳುತ್ತಾರೆ, ಕೂರಲು ಬಂದವರಿಗೆ ಹಬ್ಬ. ಮರಳಿನ ಮೇಲೆ ಬಾಗಿದ ಮರದ ನೆರಳಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಸಣ್ಣ ಶಂಖ ಎದ್ದು ನಡೆಯಿತು! ಒಳಗೆ ಏಡಿ. ಸನ್ಯಾಸಿ ಏಡಿ ಅಂತಾರೆ, ಸ್ವಂತ ಚಿಪ್ಪಿಲ್ಲ, ಸಿಕ್ಕ ಚಿಪ್ಪಿನಲ್ಲಿ ಸಂಸಾರ. ಅದು ಇನ್ನೊಂದು ದೊಡ್ಡ ಚಿಪ್ಪಿನ ಬಾಯಿಗೆ ಹೋಗಿ, ಕಾಲು ಹಾಕಿ ಅಳತೆ ನೋಡಿ, ಹಿಂದೆ ಬಂದು, ಮತ್ತೆ ಹೋಗಿ ನೋಡಿತು. ಕೊನೆಗೆ ಹಳೆಯದೇ ಸಾಕು ಅಂತ ಹೊರಟಿತು. ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತಾಗುತ್ತೆ ಅದರ ಕಷ್ಟ. ಮುಕ್ಕಾಲು ಗಂಟೆ ಹೋಗಿದ್ದೇ ತಿಳಿಯಲಿಲ್ಲ.

ನಾಲ್ಕನೇ ದಿನ ಜೋಡಿಯಾಗಿ ಎಲಿಫೆಂಟ್ ಬೀಚಿಗೆ ಹೋಗಿ. ಲೈಫ್ ಜಾಕೆಟ್, ಟ್ಯೂಬ್ ಹಿಡಿದು ತಲೆ ಮಾತ್ರ ನೀರಿಗೆ ಬಗ್ಗಿಸಿದರೆ ಹವಳ, ಮೀನು ಎಲ್ಲ ಕಾಣುತ್ತವೆ. ಈಜು ಬಾರದವರಿಗೆ ಇದು ಸರಿ. ಅಲ್ಲೇ ಜೆಟ್ ಸ್ಕೀ, ಬನಾನಾ ಬೋಟ್ ಕರೆಯುತ್ತಾರೆ. ಪೆಟ್ರೋಲ್ ಹೊಗೆ ಸಿಲ್ಕ್ ಬೋರ್ಡಿನಲ್ಲೇ ಸಿಗುತ್ತೆ, ಬಿಡಿ. ರಾಧಾನಗರ ಬೀಚ್ ಮಾತ್ರ ಮೂರು ಸಂಜೆಯೂ. ನಮ್ಮ ಪಡುಬಿದ್ರಿ, ಕಾಸರಕೋಡಿನ ಜೊತೆಗೇ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚಿನ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕ ಬೀಚು ಅದು. ಪಶ್ಚಿಮಕ್ಕೆ ಮುಖ, ಹಿಂದೆ ದಟ್ಟ ಕಾಡು.

ಬಾರಾಟಾಂಗ್ ದ್ವೀಪದ ಗುಹೆ ನಾನು ನೋಡಿಲ್ಲ, ಬೇಕೆಂದೇ ಬಿಟ್ಟೆ. ರಸ್ತೆ ಜಾರವಾ ಬುಡಕಟ್ಟು ಜನರ ಮೀಸಲು ಕಾಡಿನೊಳಗೆ ಹೋಗುತ್ತದೆ. ವಾಹನಗಳನ್ನು ಸಾಲಾಗಿ ಕಾವಲಿನಲ್ಲಿ ಬಿಡುತ್ತಾರೆ, ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವುದು ಅಪರಾಧ. ಆದರೂ ಕಾರಿನಲ್ಲಿ ಕೂತವರ ಕಣ್ಣು ಕಾಡಿನ ಅಂಚಿನಲ್ಲೇ ಇರುತ್ತೆ, 'ಕಾಣಿಸಿದರಾ, ಕಾಣಿಸಿದರಾ' ಅಂತ. ನನಗೆ ಅದು ಹಿಡಿಸಲಿಲ್ಲ.

ಐದನೇ ದಿನ ಪೋರ್ಟ್ ಬ್ಲೇರ್‌ಗೆ ವಾಪಸ್ ಬಂದುಬಿಡಿ, ರಾತ್ರಿ ಅಲ್ಲೇ ಮಲಗಿ. ಇದು ನಾವು ದುಡ್ಡು ಕೊಟ್ಟು ಕಲಿತ ಪಾಠ. ನಮ್ಮ ಏಜೆಂಟ್ ಕೊನೆಯ ದಿನ ಬೆಳಗ್ಗೆ ಹಡಗು, ಮಧ್ಯಾಹ್ನ ವಿಮಾನ ಅಂತ ಇಟ್ಟಿದ್ದರು. ಸಮುದ್ರ ಜೋರಾಗಿತ್ತು, ಹಡಗು ರದ್ದಾಯಿತು. ಏಜೆಂಟ್ ಫೋನಿನಲ್ಲಿ 'ನೋಡೋಣ ಮೇಡಂ, ನೋಡೋಣ' ಅನ್ನುತ್ತಿದ್ದರು, ಅಷ್ಟರಲ್ಲಿ ನಮ್ಮ ವಿಮಾನ ನಮ್ಮ ತಲೆಯ ಮೇಲೇ ಹೋಗಿರಬೇಕು. ಹೊಸ ಟಿಕೆಟಿಗೆ ಕೊಟ್ಟ ದುಡ್ಡಿನಲ್ಲಿ ಒಂದು ವಾಷಿಂಗ್ ಮೆಷಿನ್ ಬರುತ್ತಿತ್ತು.

ಪ್ರಶ್ನೆ: ಹೊಸದಾಗಿ ಮದುವೆಯಾಗಿದ್ದೇನೆ. ಹೆಂಡತಿಗೆ ಹೇಳದೆ ರಾತ್ರಿ ಎಂಟಕ್ಕೆ ರಾಧಾನಗರ ಬೀಚಿನಲ್ಲಿ ಕ್ಯಾಂಡಲ್ ಲೈಟ್ ಊಟ ಏರ್ಪಾಡು ಮಾಡಬೇಕೆಂದಿದ್ದೇನೆ. ಹೇಗೆ?
ಓದುಗ, ಮಾರತಹಳ್ಳಿ

ಉತ್ತರ: ಆ ಬೀಚಿನಲ್ಲಿ ಸೂರ್ಯ ಮುಳುಗಿದ ಮೇಲೆ ಸೀಟಿ ಊದಿ ಎಲ್ಲರನ್ನೂ ಎಬ್ಬಿಸುತ್ತಾರೆ. ಉಪ್ಪುನೀರಿನ ಮೊಸಳೆ ಇರುವ ಸೀಮೆ ಅದು, ಎಚ್ಚರಿಕೆಯ ಫಲಕವನ್ನು ತಮಾಷೆ ಅಂದುಕೊಳ್ಳಬೇಡಿ. ಮೇಣದಬತ್ತಿ ಗಾಳಿಗೆ ನಿಲ್ಲುವುದೂ ಇಲ್ಲ. ಅದರ ಬದಲು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿ. ನಿಮ್ಮ ಪ್ರವಾಸ ಅಮಾವಾಸ್ಯೆಯ ಆಸುಪಾಸು ಬಂದರೆ ಅದೃಷ್ಟ. ಹ್ಯಾವ್‌ಲಾಕ್‌ನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ನಡುವೆ ರಾತ್ರಿ ಕಯಾಕ್‌ನಲ್ಲಿ ಕರೆದೊಯ್ಯುತ್ತಾರೆ. ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಹೊಳೆಯುತ್ತದೆ. ಅಲುಗಾಡಿಸಿದರೆ ಬೆಳಗುವ ಸೂಕ್ಷ್ಮಜೀವಿಗಳು ಅವು. ಚಂದ್ರನಿದ್ದರೆ ಅಷ್ಟು ಕಾಣದು. ಇನ್ನೊಂದು, ಹೆಂಡತಿಗೆ ಮುಂಚೆಯೇ ಹೇಳಿ. ರೇಷ್ಮೆ ಸೀರೆ ಉಟ್ಟು ಕಯಾಕ್ ಹತ್ತಿದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನನಗೆ 66, ನನ್ನವಳಿಗೆ 61. ಮಂಡಿ ನೋವು. ಸಸ್ಯಾಹಾರಿಗಳು. ಮಗ ಅಂಡಮಾನ್ ಟಿಕೆಟ್ ಮಾಡಿಸಿದ್ದಾನೆ. ನಮಗೆ ಅಲ್ಲಿ ಏನಿದೆ?
ನಿವೃತ್ತ ಮೇಷ್ಟ್ರು, ಬಸವನಗುಡಿ

ಉತ್ತರ: ನೀಲ್ ದ್ವೀಪ ಇದೆ ಮೇಷ್ಟ್ರೇ. ರಾಜಾಜಿನಗರದವರಿಗೆ ಬಿಡಿ ಅಂದದ್ದನ್ನು ನಿಮಗೆ ಕೊಡುತ್ತಿದ್ದೇನೆ. ಹೆಚ್ಚು ಕಡಿಮೆ ಚಪ್ಪಟೆ ಊರು, ಅಂಡಮಾನಿಗೆಲ್ಲ ತರಕಾರಿ ಬೆಳೆಯುವ ಊರು. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳೇ ಜಾಸ್ತಿ, ಆದ್ದರಿಂದ ಮೀನು ಎಲ್ಲೆಲ್ಲೂ ಕಾಣುತ್ತೆ, ಆದರೆ ಅನ್ನ, ಬೇಳೆ, ಪಲ್ಯಕ್ಕೆ ಕೊರತೆಯಿಲ್ಲ. ಹುಳಿಪುಡಿ ಡಬ್ಬಿ ಒಂದು ಇಟ್ಟುಕೊಳ್ಳಿ. ಭರತ್‌ಪುರ ಬೀಚಿನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆ, ಮಂಡಿ ಮಡಚದೆ ಹವಳ ನೋಡಬಹುದು. ಪ್ರಕೃತಿಯೇ ಕೊರೆದ ಕಲ್ಲಿನ ಸೇತುವೆ ಅಂತ ಆಟೋದವರು ಒತ್ತಾಯಿಸುತ್ತಾರೆ, ಇಳಿತದಲ್ಲಿ ಮಾತ್ರ ಹತ್ತಿರ ಹೋಗಬಹುದು, ಅದೂ ಜಾರುವ ಹವಳದ ಕಲ್ಲಿನ ಮೇಲೆ. ನೀವು ದೂರದಿಂದಲೇ ಎಳನೀರು ಕುಡಿಯಿರಿ.

ಪ್ರಶ್ನೆ: ಶಂಖ, ಹವಳ ಹೆಕ್ಕಿ ತರಬಹುದಾ? ಶೋಕೇಸಿಗೆ.
ಗೃಹಿಣಿ, ಜಯನಗರ

ಉತ್ತರ: ಬೇಡ. ಹವಳ ಸತ್ತದ್ದಾದರೂ ಸರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಸಿಕ್ಕಿಬೀಳುತ್ತೀರಿ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸುತ್ತಾರೆ. ಶಂಖಕ್ಕೆ ಮೇಲೆ ಹೇಳಿದ ಬಾಡಿಗೆದಾರ ಕಾಯುತ್ತಿರುತ್ತಾನೆ.