ಓದುಗರ ಪ್ರಶ್ನೆ: ಟಿ. ರೆಕ್ಸ್‌ಗೆ ಆ ಮೋಟುಗೈ ಯಾತಕ್ಕೆ?

ಪ್ರಶ್ನೆ (ಧಾರವಾಡದ ಓದುಗರೊಬ್ಬರಿಂದ): ಬಸ್ಸಿನಷ್ಟು ದೊಡ್ಡ ಟಿ. ರೆಕ್ಸ್ ಡೈನೋಸಾರ್‌ಗೆ ಅಷ್ಟು ಚಿಕ್ಕ ಕೈ ಇದ್ದು ಏನು ಪ್ರಯೋಜನ? ಅದನ್ನು ಬಳಸುತ್ತಿತ್ತೇ, ಇಲ್ಲ ಸುಮ್ಮನೆ ನೇತಾಡುತ್ತಿತ್ತೇ?

ಉತ್ತರ: ಮೊದಲು ಅಳತೆ ನೋಡೋಣ. ಸುಮಾರು 12 ಮೀಟರ್ ಉದ್ದದ ಮೈಗೆ ಕೈ ಬರೀ 1 ಮೀಟರ್, ಎರಡು ಮೊಳದ ಮೇಲೆ ಚೂರು. ಒರಟಾಗಿ ಲೆಕ್ಕ ಹಾಕಿದರೆ 170 ಸೆಂ.ಮೀ. ಎತ್ತರದ ಮನುಷ್ಯನಿಗೆ 14 ಸೆಂ.ಮೀ. ಕೈ ಇದ್ದಂತೆ. ಒಂದು ಗೇಣೂ ಇಲ್ಲ! ಬಾಯಿಗೆ ಎಟುಕುವ ಮಾತೇ ಇಲ್ಲ.

ಆದರೆ ಚಿಕ್ಕದು ಎಂದ ಮಾತ್ರಕ್ಕೆ ಸೊರಗಿದ್ದಲ್ಲ. ತೋಳಿನ ಮೂಳೆ ದಪ್ಪ, ಸ್ನಾಯು ಅಂಟಿಕೊಳ್ಳುತ್ತಿದ್ದ ಜಾಗಗಳು ಅಗಲ. 2001ರಲ್ಲಿ ವಿಜ್ಞಾನಿಗಳಾದ ಕಾರ್ಪೆಂಟರ್ ಮತ್ತು ಸ್ಮಿತ್ ಮಾಡಿದ ಲೆಕ್ಕದಂತೆ ರಟ್ಟೆಯ ಒಂದೇ ಸ್ನಾಯು 199 ಕಿಲೋ ಎತ್ತಬಲ್ಲದಾಗಿತ್ತು. ಕೊರತೆ ಇದ್ದದ್ದು ಚಲನೆಯಲ್ಲಿ: ಭುಜ ಸುಮಾರು 40 ಡಿಗ್ರಿ, ಮೊಣಕೈ 45 ಡಿಗ್ರಿ, ಅಷ್ಟೇ. ಅಂಗೈಗಳು ಚಪ್ಪಾಳೆ ತಟ್ಟುವಂತೆ ಎದುರುಬದುರು ಇದ್ದವು. ಬಲ ಇದೆ, ಎಟುಕು ಇಲ್ಲ, ತಿರುಗುವಿಕೆಯೂ ಕಡಿಮೆ. ಯಾರು ಯಾವ ಉಪಯೋಗ ಹೇಳಿದರೂ ಈ ಮೂರಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು.

1905ರಲ್ಲಿ ಈ ಪ್ರಾಣಿಗೆ ಹೆಸರಿಟ್ಟ ಆಸ್ಬಾರ್ನ್, ಕೂಡುವಾಗ ಸಂಗಾತಿಯನ್ನು ಹಿಡಿದುಕೊಳ್ಳಲು ಕೈ ಬೇಕಿತ್ತು ಎಂದು ಊಹಿಸಿದರು. ಆಗ ಅವರ ಮುಂದಿದ್ದದ್ದು ಮೊಣಕೈಯಿಂದ ಮೇಲಿನ ಮೂಳೆ ಮಾತ್ರ. ಇಡೀ ಕೈ ಸಿಕ್ಕಿದ್ದು 1988ರಲ್ಲಿ, ಅಮೆರಿಕದ ಮೊಂಟಾನಾದಲ್ಲಿ. ಮಲಗಿದ್ದು ಏಳುವಾಗ ಮೈ ಮುಂದಕ್ಕೆ ಜಾರದಂತೆ ಕೈ ಊರುತ್ತಿತ್ತು ಎಂದು 1970ರಲ್ಲಿ ನ್ಯೂಮನ್ ಹೇಳಿದರು. ಆಗದ ಮಾತೇನಲ್ಲ, ಆದರೂ ಎಂಟು ಟನ್ ಭಾರ ಎತ್ತುವ ಕೆಲಸ ಹಿಂಗಾಲಿನದೇ. ಎದೆಗೆ ಒತ್ತಿಕೊಂಡ ಬೇಟೆ ಕೊಸರಿಕೊಳ್ಳದಂತೆ ಉಗುರು ನಾಟಿಸಿ ಹಿಡಿಯುತ್ತಿತ್ತು ಎಂಬುದು ಕಾರ್ಪೆಂಟರ್ ಮತ್ತು ಸ್ಮಿತ್ ವಾದ. 2017ರಲ್ಲಿ ಸ್ಟೀವನ್ ಸ್ಟಾನ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಮಾರು 10 ಸೆಂ.ಮೀ. ಉಗುರಿನಿಂದ ಸೀಳುತ್ತಿತ್ತು ಎಂದರು. ಸೀಳಬೇಕಾದರೆ ಕೈ ಬೀಸಲು ಜಾಗ ಬೇಕು. 40 ಡಿಗ್ರಿ ತಿರುಗುವ ಭುಜಕ್ಕೆ ಅದು ಕಷ್ಟ. ಬಿಗಿಯಾಗಿ ಹಿಡಿಯಲು ಬಲ ಸಾಕು. ಹಾಗಾಗಿ ನಮ್ಮ ಒಲವು ಹಿಡಿತದ ಕಡೆಗೇ, ಅದೂ ಅಪರೂಪಕ್ಕೊಮ್ಮೆ ಬೀಳುತ್ತಿದ್ದ ಕೆಲಸವಾಗಿ.

ಪ್ರಶ್ನೆ (ಶಿವಮೊಗ್ಗದಿಂದ): ಅಷ್ಟು ಬಲ ಇದ್ದ ಮೇಲೆ ಕೈ ಗಿಡ್ಡವಾಗಿದ್ದಾದರೂ ಯಾಕೆ?

ಉತ್ತರ: ‘ಏನಕ್ಕೆ ಬಳಸಿತು’ ಮತ್ತು ‘ಯಾಕೆ ಗಿಡ್ಡವಾಯಿತು’ ಒಂದೇ ಪ್ರಶ್ನೆಯಲ್ಲ. ಇವೆರಡನ್ನು ಬೆರೆಸುವುದರಿಂದಲೇ ಅರ್ಧ ಗೊಂದಲ. ಸುಮಾರು 16 ಕೋಟಿ ವರ್ಷ ಹಿಂದೆ ಚೀನಾದಲ್ಲಿದ್ದ ಗ್ವಾನ್‌ಲಾಂಗ್ ಇದೇ ವಂಶದ್ದು. ಮೈ ಬರೀ 3 ಮೀಟರ್, ಆದರೆ ಕೈ ನೀಳ, ಬೆರಳು ಮೂರು. ಮುಂದೆ ತಲೆ ಹಿಗ್ಗಿ, ದವಡೆಯೇ ಆಯುಧವಾದಾಗ ಕೈಗೆ ಕೆಲಸ ಕಡಿಮೆಯಾಯಿತು. ಎರಡೇ ಕಾಲಿನ ಪ್ರಾಣಿಗೆ ಸೊಂಟವೇ ತಕ್ಕಡಿಯ ಮುಳ್ಳು: ಮುಂದೆ ತಲೆ ತೂಗಿದಷ್ಟೂ ಅದೇ ಬದಿಯ ಕೈ ಹಗುರವಾಗುವುದು ಅನುಕೂಲ. ಅರ್ಜೆಂಟೀನಾದ ಮೆರಾಕ್ಸೆಸ್ (2022ರಲ್ಲಿ ವಿವರಿಸಿದ್ದು) ಬೇರೆ ವಂಶದ್ದು, 9 ಕೋಟಿ ವರ್ಷಕ್ಕೂ ಹಿಂದಿನದು. ಅದಕ್ಕೂ ದೊಡ್ಡ ತಲೆ, ಗಿಡ್ಡ ಕೈ.

ಅದೇ 2022ರಲ್ಲಿ ಕೆವಿನ್ ಪೇಡಿಯನ್ ಬೇರೆ ದಾರಿ ಹಿಡಿದರು. ನಾಲ್ಕಾರು ಟಿ. ರೆಕ್ಸ್ ಒಂದೇ ಹೆಣಕ್ಕೆ ಬಾಯಿ ಹಾಕುವಾಗ ಉದ್ದ ಕೈ ಪಕ್ಕದವನ ಹಲ್ಲಿಗೆ ಸಿಕ್ಕೀತು, ಗಿಡ್ಡ ಕೈ ಬಚಾವಾದೀತು ಎಂದು. ಚಂದದ ಊಹೆ, ಪರೀಕ್ಷೆಗೂ ಒಳಪಡುತ್ತದೆ: ತಲೆಬುರುಡೆಗಿಂತ ಕೈಮೂಳೆಯಲ್ಲಿ ಕಚ್ಚಿದ ಗುರುತು ಕಡಿಮೆ ಇರಬೇಕು.

ಪ್ರಶ್ನೆ (ಮೈಸೂರಿನಿಂದ): ಕೈ ಬಳಸಿದ್ದಕ್ಕೆ ಮೂಳೆಯಲ್ಲೇ ಗುರುತು ಇದೆಯೇ?

ಉತ್ತರ: ಗುರುತು ಇದೆ, ಸಾಕ್ಷಿ ಎನ್ನುವಷ್ಟಿಲ್ಲ. ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ ‘ಸ್ಯೂ’ ಎಂಬ ಅಸ್ಥಿಪಂಜರದ ಬಲಭಾಗದಲ್ಲಿ ಹೆಗಲಮೂಳೆಗೆ ಪೆಟ್ಟು, ತೋಳಿನ ಸ್ನಾಯುರಜ್ಜು ಹರಿದ ಗುರುತು, ಮುರಿದು ಕೂಡಿಕೊಂಡ ಪಕ್ಕೆಲುಬುಗಳಿವೆ. ಬೇಟೆ ಒದ್ದಾಡಿತೋ, ತಾನೇ ಮುಗ್ಗರಿಸಿತೋ? ಮೂಳೆ ಅದನ್ನು ಹೇಳುವುದಿಲ್ಲ. ಸ್ಯೂ ಕೈಯಲ್ಲಿ ಗೌಟ್ ಎಂಬ ಕೀಲುಬೇನೆಯ ಗುರುತೂ ಇದೆ ಎಂದು 1997ರಲ್ಲಿ ವರದಿಯಾಯಿತು. ಅದು ಕೆಲಸದ ಸವೆತವಲ್ಲ, ಯೂರಿಕ್ ಆಮ್ಲದ ಕಾಟ.

ಪ್ರಶ್ನೆ (ಕಲಬುರಗಿಯಿಂದ): ನಮ್ಮ ದೇಶದ ಡೈನೋಸಾರ್ ರಾಜಾಸಾರಸ್ ಕೈಯೂ ಹೀಗೇ ಇತ್ತೇ?

ಉತ್ತರ: ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕಿ, 2003ರಲ್ಲಿ ಹೆಸರು ಪಡೆದ ರಾಜಾಸಾರಸ್‌ನ ತಲೆ, ಬೆನ್ನು, ಸೊಂಟ, ಕಾಲುಗಳ ಮೂಳೆಗಳಿವೆ, ಕೈಯದಿಲ್ಲ. ಅದರ ನೆಂಟ, ಅರ್ಜೆಂಟೀನಾದ ಕಾರ್ನೋಟಾರಸ್‌ನ ಕೈ ನೋಡಿ ಅಂದಾಜಿಸಬೇಕು. ಅದರ ಮುಂದೆ ಟಿ. ರೆಕ್ಸ್ ಆಜಾನುಬಾಹು! ನಾಲ್ಕು ಬೆರಳಿನ ಗಡ್ಡೆಯಂಥ ಕೈ, ಮೊಣಕೈಯಿಂದ ಕೆಳಗೆ ತೀರಾ ಮೋಟು. ಹಿಡಿಯುವ ವಾದ ಇಲ್ಲಿ ನಿಲ್ಲುವುದೇ ಇಲ್ಲ.

ಪ್ರಶ್ನೆ (ಹಾಸನದ ವಿದ್ಯಾರ್ಥಿಯಿಂದ): ವಿಜ್ಞಾನ ಮೇಳಕ್ಕೆ ಟಿ. ರೆಕ್ಸ್ ಮಾದರಿ ಮಾಡುತ್ತಿದ್ದೇನೆ. ಕೈ ಎಷ್ಟು ಉದ್ದ ಇಡಲಿ?

ಉತ್ತರ: 20ಕ್ಕೆ 1ರ ಅಳತೆ ಇಟ್ಟುಕೊಳ್ಳಿ. ಮೂತಿಯಿಂದ ಬಾಲದ ತುದಿಗೆ 60 ಸೆಂ.ಮೀ., ತಲೆ 7, ಕೈ 5. ಆ 5ರಲ್ಲಿ ಭುಜದಿಂದ ಮೊಣಕೈಗೆ 2, ಅಲ್ಲಿಂದ ಮಣಿಕಟ್ಟಿಗೆ 1, ಉಳಿದದ್ದು ಹಸ್ತ. ಬೆರಳು ಎರಡೇ, ಅಂಗಡಿಯ ಆಟಿಕೆ ನೋಡಿ ಮೂರು ಮಾಡಬೇಡಿ. ಅಂಗೈ ನೆಲ ನೋಡುವಂತೆ ಇಡುವುದು ಎಲ್ಲರೂ ಮಾಡುವ ತಪ್ಪು. ಎರಡೂ ಅಂಗೈ ಒಂದನ್ನೊಂದು ನೋಡಲಿ.

ಕೈ ಬರೀ ಜೇಡಿಮಣ್ಣಿನದಾದರೆ ಒಣಗುವಾಗ ಕುಗ್ಗಿ ಹೆಗಲಲ್ಲೇ ಬಿರಿಯುತ್ತದೆ. ಒಂದೇ ಬೈಂಡಿಂಗ್ ವೈರನ್ನು ಎದೆಯ ಮೂಲಕ ಒಂದು ಕೈಯಿಂದ ಇನ್ನೊಂದಕ್ಕೆ ಹಾಯಿಸಿ, ಮೇಲೆ ಎಂ-ಸೀಲ್ ಮೆತ್ತಿ. ಮಾದರಿ ಮೂಗಿನ ಮೇಲೆ ಬಿದ್ದರೆ ಕಾಲು ದಪ್ಪ ಮಾಡಲು ಹೋಗಬೇಡಿ. ತಲೆಯೊಳಗೆ ಥರ್ಮಾಕೋಲ್ ತುಂಬಿ ಹಗುರ ಮಾಡಿ, ಬಾಲದಲ್ಲಿ ದಪ್ಪ ತಂತಿ ಇಟ್ಟು ನೆಲಕ್ಕೆ ತಾಗದಂತೆ ಅಡ್ಡಡ್ಡ ಚಾಚಿ.